ಮಳೆಗಾಲದಲ್ಲಿ ವಾಶ್ ಪೂರ್ತಿ ಕಲೆ ಕಲೆ, ಅಡಿಕೆ ತೋಟದ ಹಸಿರು ಪ್ಲಾಸ್ಟಿಕ್ – ಎಲ್ಲಿ ತಪ್ಪುತ್ತಿದೆ?

ತುಂಗೆದಡ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ತೋಟ, ಹಿಂದಿನ ಗುಡ್ಡ, ತುಂಗಾ ಹೊಳೆ, ಇಷ್ಟನ್ನೇ ಜಲವರ್ಣದಲ್ಲಿ ಬರೆಯುವ ಹವ್ಯಾಸ. ಮೇಲೆ ಸ್ವಲ್ಪ ಪೆನ್ನು, ಸ್ವಲ್ಪ ಸಾಫ್ಟ್ ಪೇಸ್ಟಲ್. ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ಒಂದೂ ನೆಟ್ಟಗೆ ಬರುತ್ತಿಲ್ಲ.

ಆಕಾಶಕ್ಕೆ ತೆಳು ಬೂದು ವಾಶ್ (ನೀರು ಬೆರೆಸಿ ಅಗಲಕ್ಕೆ ಎಳೆಯುವ ತೆಳು ಬಣ್ಣ) ಹಾಕಿದ ಕೂಡಲೇ ಅಲ್ಲಲ್ಲಿ ಗಾಢ ಕಲೆ ಏಳುತ್ತದೆ. ಕೆಲವು ಸಾಸಿವೆ ಕಾಳಿನಷ್ಟು, ಕೆಲವು ಎಂಟಾಣೆ ಅಗಲ. ಒಣಗಿದರೂ ಹೋಗುವುದಿಲ್ಲ, ಒದ್ದೆ ಟಿಶ್ಯೂನಲ್ಲಿ ಎತ್ತಲು ಹೋದರೆ ಪೇಪರಿನ ನಾರು ಎದ್ದು ಬರುತ್ತದೆ. ಮಾಸ್ಕಿಂಗ್ ಟೇಪ್ ಕಿತ್ತರೆ ಅಂಚೂ ಜೊತೆಗೇ. ಪೇಪರ್ 300 ಜಿಎಸ್‌ಎಂ, 100% ಕಾಟನ್, ಕೋಲ್ಡ್ ಪ್ರೆಸ್ಡ್ (ಸ್ವಲ್ಪ ಒರಟು ಮೈಯ) ಬ್ಲಾಕ್, ಅಂದರೆ ಅಂಚು ಅಂಟಿಸಿದ ಹಾಳೆಗಳ ಕಟ್ಟು. ಹೋದ ವರ್ಷ ತಂದದ್ದು, ಅಗ್ಗದ್ದೇನೂ ಅಲ್ಲ.

ಇನ್ನೊಂದು ಹಸಿರಿನ ಗೋಳು. ಸ್ಯಾಪ್ ಗ್ರೀನ್ ಟ್ಯೂಬ್ ಬಳಸುತ್ತೇನೆ, ಗಾಢ ಬೇಕಾದಲ್ಲಿ ಅದಕ್ಕೇ ಕಪ್ಪು ಸೇರಿಸುತ್ತೇನೆ. ತೋಟ ಪೂರ್ತಿ ಪ್ಲಾಸ್ಟಿಕ್ ಆಗಿ ಕಾಣುತ್ತದೆ. ನಮ್ಮನೆಯವರು ನೋಡಿ "ತೆಂಗಿನ ತೋಟವಾ?" ಅಂದರು. ಪೆನ್ನಿನ ಗೆರೆಯೂ ಹರಡುತ್ತಿದೆ, ಬಾಟಲಿ ಮೇಲೆ ವಾಟರ್‌ಪ್ರೂಫ್ ಅಂತಲೇ ಇದೆ. ಎಲ್ಲಿಂದ ಸರಿ ಮಾಡುತ್ತಾ ಬರಲಿ?

ಕೊಡಚಾದ್ರಿಮಳೆ

ಅದು ಬ್ಲೂಮ್ ಕಣ್ರೀ, ಹೂಕೋಸು ಅಂತಾರಲ್ಲ, ಅದೇ. ಕುಂಚದಲ್ಲಿ ನೀರು ಜಾಸ್ತಿ ಇದೆ. ಈ ಹವೆಗೆ ಎಲ್ಲರಿಗೂ ಆಗುತ್ತದೆ. ನೀರು ಕಡಿಮೆ ಮಾಡಿ ನೋಡಿ.

ಜಂಬಿಟ್ಟಿಗೆ

ಬ್ಲೂಮ್ ಅಲ್ಲ ಅನ್ನಿಸುತ್ತದೆ. ಬ್ಲೂಮ್ ಆಗುವುದು ವಾಶ್ ಅರ್ಧ ಒಣಗಿದಾಗ, ಅದಕ್ಕಿಂತ ಜಾಸ್ತಿ ನೀರಿರುವ ಬಣ್ಣ ಅಥವಾ ಬರೀ ನೀರಿನ ಹನಿ ಬಿದ್ದರೆ. ಆ ನೀರು ಅಲ್ಲಿದ್ದ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ನಡುವೆ ತೆಳು, ಸುತ್ತ ಹರಕು ಅಂಚಿನ ಗಾಢ ಗೆರೆ. ನೀವು ಹೇಳುತ್ತಿರುವುದು ಉಲ್ಟಾ. ನಡುವೆಯೇ ಗಾಢ, ಅದೂ ಹಾಕಿದ ಕೂಡಲೇ. ಜೊತೆಗೆ ನಾರು ಏಳುವುದು, ಟೇಪಿಗೆ ಪೇಪರ್ ಅಂಟಿ ಬರುವುದು. ಮೂರೂ ಒಟ್ಟಿಗೆ ಇದೆ ಅಂದರೆ ನನ್ನ ಅನುಮಾನ ಪೂರ್ತಿ ಪೇಪರ್ ಮೇಲೆಯೇ.

ಜಲವರ್ಣದ ಪೇಪರಿಗೆ ಮಾಡುವಾಗಲೇ ಸೈಜಿಂಗ್, ಅಂದರೆ ನೀರು ಬೇಗ ಇಂಗದಂತೆ ತಡೆಯುವ ಅಂಟಿನಂಥ ವಸ್ತು, ಹಾಕಿರುತ್ತಾರೆ. ಒಳಗಡೆಗೂ ಹಾಕುತ್ತಾರೆ, ಒಳ್ಳೆಯ ಕಾಟನ್ ಪೇಪರಾದರೆ ಮೇಲ್ಮೈಗೂ ಎಷ್ಟೋ ಸಲ ಜೆಲಟಿನ್ ಕೊಟ್ಟಿರುತ್ತಾರೆ. ಬಣ್ಣ ತಕ್ಷಣ ಒಳಗೆ ಇಂಗದೆ ಮೇಲೆ ನಿಂತು, ನಮಗೆ ಆಡಿಸಲು ಟೈಮ್ ಸಿಗುವುದು ಅದರಿಂದಲೇ. ತೇವದ ಗಾಳಿಯಲ್ಲಿ ಪೇಪರ್ ತೆರೆದೇ ಬಿದ್ದಿದ್ದರೆ ಈ ಸೈಜಿಂಗ್ ಅಲ್ಲಲ್ಲಿ ಸಾಯುತ್ತದೆ, ಫಂಗಸ್ ಹಿಡಿದರೆ ಇನ್ನೂ ಬೇಗ. ಸತ್ತ ಜಾಗ ಬಣ್ಣವನ್ನು ಸೀದಾ ಕುಡಿದುಬಿಡುತ್ತದೆ. ಒಣಗಿದ ಪೇಪರ್ ನೋಡಿ ಇದನ್ನು ಹೇಳಲು ಆಗುವುದಿಲ್ಲ, ಎಷ್ಟೇ ದುಬಾರಿಯದ್ದಾದರೂ ಬಿಳಿಯಾಗಿ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಹಾಗಾಗಿ ಬಣ್ಣ ಹಾಳು ಮಾಡುವ ಮೊದಲು ಬರೀ ನೀರಿನಲ್ಲಿ ಪರೀಕ್ಷೆ ಮಾಡಿ. ಅಗಲ ಕುಂಚದಲ್ಲಿ ಶುದ್ಧ ನೀರನ್ನು ಹಾಳೆ ಪೂರ್ತಿ ಎಳೆದು, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಲ್ಲ ಕಡೆ ಒಂದೇ ಹೊಳಪು ಇದ್ದರೆ ಪೇಪರ್ ಚೆನ್ನಾಗಿದೆ. ಕೆಲವು ಕಡೆ ಮಾತ್ರ ಹೊಳಪು ತಕ್ಷಣ ಸತ್ತು ಮಂಕು ಚುಕ್ಕೆ ಕಂಡರೆ ಅದೇ ಕಾಯಿಲೆ. ನೀರೇ ಹಿಡಿಯದೆ ಗುಂಡಗಾಗಿ ಜಾರುವ ಜಾಗ ಕಂಡರೆ ಅದು ಬೇರೆ, ಅದು ಕೈಯ ಎಣ್ಣೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಪೇಪರ್ ಮುಟ್ಟಿದರೆ ಆಗುತ್ತದೆ.

ಬ್ಲಾಕ್ ಎಲ್ಲಿ ಇಟ್ಟಿದ್ದಿರಿ?

ತುಂಗೆದಡ

ಪರೀಕ್ಷೆ ಮಾಡಿದೆ ಸರ್. ಮೇಲಿನ ಹಾಳೆಗಳಲ್ಲಿ ಮಂಕು ಚುಕ್ಕೆ ಸಾಲು ಸಾಲಾಗಿ ಬಂತು. ಅಂಚಿನ ಕಡೆ ಜಾಸ್ತಿ. ನಡುವಿನ ಹಾಳೆಗಳು ಪರವಾಗಿಲ್ಲ, ಹೊಳಪು ನಿಲ್ಲುತ್ತಿದೆ. ಎಣ್ಣೆ ಕಲೆ ಇಲ್ಲ.

ಇಟ್ಟಿದ್ದದ್ದು ಗೋಡೆಯ ಗೂಡಿನಲ್ಲಿ. ಪಶ್ಚಿಮದ ಗೋಡೆ, ಮಳೆ ಹೊಡೆಯುವ ಕಡೆ. ಮಣ್ಣಿನ ಗೋಡೆ, ಹೊರಗಿನಿಂದ ಗಾರೆ ಮಾಡಿದ್ದು.

ಜಂಬಿಟ್ಟಿಗೆ

ಹಾಗಾದರೆ ವಿಷಯ ಅಲ್ಲೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ನಿಮ್ಮ ಊರಿಗೂ ಅದರ ಗಾಳಿಯೇ ತಾನೇ. ಪಶ್ಚಿಮದ ಗೋಡೆ ಮಳೆಗಾಲ ಪೂರ್ತಿ ಬೆವರುತ್ತಿರುತ್ತದೆ.

ನಡುವಿನ ಒಳ್ಳೆಯ ಹಾಳೆಗಳನ್ನು ಇವತ್ತೇ ಬಿಡಿಸಿಕೊಳ್ಳಿ. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿ, ಗಾಳಿ ಆಡದಂತೆ ಮುಚ್ಚಿ, ಕಬ್ಬಿಣದ ಬೀರುವಿನಲ್ಲಿ ಮಲಗಿಸಿ ಇಡಿ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಬೂಟು, ಕ್ಯಾಮೆರಾ ಡಬ್ಬಿಯಲ್ಲಿ ಬರುವ ಪೊಟ್ಟಣ ಆದರೂ ಆದೀತು, ಆದರೆ ಅವು ಬಂದಾಗಲೇ ತೇವ ಕುಡಿದು ದಣಿದಿರುತ್ತವೆ. ನೀಲಿ ಹರಳು ಸಿಕ್ಕರೆ ಒಳ್ಳೆಯದು. ತೇವ ಹೀರಿದರೆ ಗುಲಾಬಿ ಆಗುತ್ತದೆ, ಹದ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ನೀಲಿ. ಆ ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅಡುಗೆ ಪಾತ್ರೆಯಲ್ಲಿ ಹುರಿಯುವುದು ಬೇಡ.

ಕೊಡಚಾದ್ರಿಮಳೆ

ನಮ್ಮಲ್ಲಿ ಮಳೆಗಾಲದ ಬಟ್ಟೆಯೆಲ್ಲ ಬಚ್ಚಲ ಒಲೆ ಹತ್ತಿರವೇ ಒಣಗುವುದು. ಪೇಪರೂ ಅಲ್ಲೇ ಅಟ್ಟದ ಮೇಲೆ ಇಟ್ಟರಾಯಿತಲ್ವಾ? ಬೆಚ್ಚಗೆ ಇರುತ್ತದೆ.

ಜಂಬಿಟ್ಟಿಗೆ

ಬೆಚ್ಚಗೇನೋ ಇರುತ್ತದೆ, ಆದರೆ ಹೊಗೆ ಕೂರುತ್ತದೆ ಮಾರಾಯ್ರೆ. ಪೇಪರ್ ಹಳದಿ ಆಗುತ್ತದೆ. ಮೇಲಾಗಿ ಬಚ್ಚಲು, ಹಂಡೆ ಕುದಿಯುವಾಗ ಹಬೆ ಎಲ್ಲಿ ಹೋಗುತ್ತದೆ? ಬರೆದ ಚಿತ್ರವನ್ನು ಒಲೆಯಿಂದ ದೂರ ಹಿಡಿದು ಒಣಗಿಸಿಕೊಳ್ಳಲು ಅಡ್ಡಿ ಇಲ್ಲ. ಇಟ್ಟುಬಿಡುವುದು ಬೇಡ.

ಕೆಟ್ಟ ಹಾಳೆಗಳನ್ನು ಎಸೆಯಬೇಡಿ. ಬಯಲಾದ ಆಕಾಶ, ಮಂಜಿನ ಗುಡ್ಡದಂಥ ನುಣುಪು ವಾಶ್ ಅದರಲ್ಲಿ ಇನ್ನು ಆಗುವುದಿಲ್ಲ, ಆ ಆಸೆ ಬಿಡಿ. ಆದರೆ ನೀವು ಹೇಗೂ ಪೇಸ್ಟಲ್ ಬಳಸುವವರು. ಪಾರದರ್ಶಕ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಒಂದು ಪದರ ಬಳಿಯಿರಿ. ಪೇಪರ್ ಮುಚ್ಚಿಕೊಳ್ಳುತ್ತದೆ, ಪೇಸ್ಟಲ್ ಹಿಡಿಯಲು ಒರಟೂ ಸಿಗುತ್ತದೆ. ಅದರ ಮೇಲೆ ಬಣ್ಣ ಕೆಳಗೆ ಇಂಗುವುದಿಲ್ಲ, ಮೇಲೆಯೇ ತೇಲುತ್ತದೆ, ಒದ್ದೆ ಕುಂಚ ತಾಗಿದರೆ ಎದ್ದೂ ಬರುತ್ತದೆ. ಹಾಗಾಗಿ ದೊಡ್ಡ ಆಕಾರಗಳಿಗೆ ಒಂದೇ ಸಲ ಬಣ್ಣ ಕೊಟ್ಟು, ಒಣಗಿದ ಮೇಲೆ ಉಳಿದದ್ದೆಲ್ಲ ಪೇಸ್ಟಲ್. ಜಂಬಿಟ್ಟಿಗೆ ಗೋಡೆ, ಮಣ್ಣಿನ ದರೆ, ಮತ್ತಿ ಮರದ ಮೊಸಳೆ ಚರ್ಮದ ತೊಗಟೆ, ಇವಕ್ಕೆಲ್ಲ ಇದು ಒಳ್ಳೆಯ ಪೇಪರಿಗಿಂತಲೂ ಚೆನ್ನ. ಗೌಶ್ (ಅಪಾರದರ್ಶಕ ಜಲವರ್ಣ) ಮಾತ್ರ ಬಳಸುತ್ತೀರಾದರೆ ಜೆಸ್ಸೊ ಇಲ್ಲದೆಯೂ ನಡೆಯುತ್ತದೆ.

ಯಾರಾದರೂ ಜೆಲಟಿನ್ ಕರಗಿಸಿ ಮತ್ತೆ ಬಳಿಯಿರಿ ಅಂದರೆ, ಆಗುತ್ತದೆ, ಆದರೆ ಈಗ ಬೇಡ. ಈ ಹವೆಯಲ್ಲಿ ಅದು ಒಣಗುವ ಮೊದಲು ಫಂಗಸ್‌ಗೆ ಊಟ. ಡಿಸೆಂಬರ್ ಬಿಸಿಲಿಗೆ ಮಾಡಿ.

ಹಳೇಪೆನ್ನು

ಪೆನ್ನಿನ ವಿಷಯ ಎರಡು ರೀತಿ ಇದೆ. ನೀರು ಮುಟ್ಟಿಸುವ ಮೊದಲೇ ಗೆರೆ ಬೇರು ಬಿಟ್ಟು ಹರಡಿದರೆ ಅದು ಸತ್ತ ಪೇಪರ್, ಇಂಕಿನ ಮೇಲೆ ಸಿಟ್ಟು ಬೇಡ. ಗೆರೆ ಚೂಪಾಗಿಯೇ ಇದ್ದು, ಮೇಲೆ ವಾಶ್ ಎಳೆದಾಗ ಮಾತ್ರ ಕರಗಿದರೆ ಇಂಕ್ ಒಣಗಿಲ್ಲ, ಇಲ್ಲವೇ ಅದು ನೀರಿನಲ್ಲಿ ಕರಗುವ ಬಣ್ಣದ ಡೈ ಇಂಕ್. ಫೌಂಟನ್ ಪೆನ್ನಿನ ಮಾಮೂಲಿ ನೀಲಿ ಕಪ್ಪೆಲ್ಲ ಹೆಚ್ಚಾಗಿ ಡೈ. ನೀರಿನಲ್ಲಿ ಕರಗದ ಬಣ್ಣದ ಪುಡಿ ಇರುವ ಪಿಗ್ಮೆಂಟ್ ಇಂಕ್ ಬೇಕು. ಅದೂ ಮಳೆಗಾಲದಲ್ಲಿ ಕೂಡಲೇ ಗಟ್ಟಿಯಾಗುವುದಿಲ್ಲ, ರಾತ್ರಿ ಬಿಟ್ಟು ಬೆಳಗ್ಗೆ ಬಣ್ಣ ಹಾಕಿ. ಇಂಡಿಯನ್ ಇಂಕನ್ನು ಮಾತ್ರ ಫೌಂಟನ್ ಪೆನ್ನಿಗೆ ಹಾಕಬೇಡಿ, ಅದರ ಶೆಲ್ಲಾಕ್ (ಅರಗು) ಕಟ್ಟಿಕೊಂಡು ಪೆನ್ನು ಮುಗಿಯುತ್ತದೆ. ಅದಕ್ಕೆ ಅದ್ದಿ ಬರೆಯುವ ನಿಬ್ಬು.

ಕುಂಚಪ್ರಿಯ_ಸಾಗರ

ಹಸಿರಿಗೆ ನಾನು ಬರುತ್ತೇನೆ. ಇದು ಮಲೆನಾಡಿನವರಿಗೆಲ್ಲ ಇರುವ ಕಷ್ಟ. ಬಯಲುಸೀಮೆಯವರಿಗೆ ಹಸಿರು ಒಂದು ಮೂಲೆಯಲ್ಲಿ ಬರುತ್ತದೆ. ನಮಗೆ ಹಾಳೆ ಪೂರ್ತಿ ಅದೇ.

ಬಹಳಷ್ಟು ಕಂಪನಿಗಳ ಸ್ಯಾಪ್ ಗ್ರೀನ್ ಅಂದರೆ ಥ್ಯಾಲೊ ಗ್ರೀನ್ ಎಂಬ ತೀಕ್ಷ್ಣ ನೀಲಿ ಹಸಿರಿಗೆ ಹಳದಿ ಬೆರೆಸಿದ್ದು. ಟ್ಯೂಬ್ ಹಿಂದೆ ಪಿಜಿ 7 (ಥ್ಯಾಲೊ ಗ್ರೀನ್‌ನ ಸಂಕೇತ) ಅಂತ ಇದ್ದರೆ ಅದೇ. ಅದಕ್ಕೆ ಕಪ್ಪು ಹಾಕಿದರೆ ಹಸಿರು ಗಾಢ ಆಗುವುದಿಲ್ಲ, ಸಾಯುತ್ತದೆ. ಕಪ್ಪು ಬಿಟ್ಟು ಎದುರು ಬಣ್ಣ, ಅಂದರೆ ಹಸಿರಿಗೆ ಕೆಂಪು, ಹಾಕಿ. ಥ್ಯಾಲೊ ಗ್ರೀನ್‌ಗೆ ಕ್ವಿನಾಕ್ರಿಡೋನ್ ರೋಸ್ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದರೆ ಒಂದು ಹಂತದಲ್ಲಿ ಹೆಚ್ಚು ಕಡಿಮೆ ಕಪ್ಪೇ ಸಿಗುತ್ತದೆ, ಆದರೆ ಒಳಗೆ ಜೀವ ಇರುತ್ತದೆ. ಮಾಮೂಲಿ ಎಲೆಗೆ ಅಲ್ಟ್ರಾಮರೀನ್ ಮತ್ತು ಯೆಲ್ಲೊ ಓಕರ್ ಸಾಕು, ಬೆಚ್ಚಗೆ ಬೇಕಾದರೆ ಬರ್ನ್ಟ್ ಸಿಯೆನಾ. ನಾಟಿ ಮಾಡಿದ ಗದ್ದೆಗೆ ಮಾತ್ರ ಲೆಮನ್ ಯೆಲ್ಲೊ ಹಾಕಿ, ಅಲ್ಲಿ ಆ ಕಣ್ಣು ಕುಕ್ಕುವ ಹಸಿರು ನಿಜವಾಗಿಯೂ ಇದೆ.

ಆದರೆ ನಿಮ್ಮ ಸಮಸ್ಯೆ ಬಣ್ಣದ ಡಬ್ಬಿಯಲ್ಲಿ ಅರ್ಧ ಮಾತ್ರ. ಮಳೆಯಲ್ಲಿ ತೋಟ ನೋಡಿ. ಒದ್ದೆ ಎಲೆಯ ಮೇಲ್ಮೈ ಮೋಡವನ್ನು ತೋರಿಸುತ್ತಿರುತ್ತದೆ, ಹಾಗಾಗಿ ಅದರ ಬಣ್ಣ ಬೂದು ನೀಲಿ, ಕೆಲವು ಕಡೆ ಬಿಳಿ. ಹಸಿರು ಇರುವುದು ಎಲೆಯ ಮೂಲಕ ಬೆಳಕು ಇಳಿಯುವಲ್ಲಿ. ಎಲೆ ಅಂತ ತಿಳಿದ ಕೂಡಲೇ ಹಸಿರು ಬಳಿದರೆ ಪ್ಲಾಸ್ಟಿಕ್ ಆಗದೆ ಇನ್ನೇನು? ನಮ್ಮ ಶರಾವತಿ ಹಿನ್ನೀರಿನ ಆಚೆ ದಡದ ಕಾಡನ್ನೇ ನೋಡಿ, ಮಳೆಗಾಲದಲ್ಲಿ ಅದರಲ್ಲಿ ಹಸಿರೇ ಉಳಿದಿರುವುದಿಲ್ಲ, ಬೂದು ನೀಲಿ ಪಟ್ಟಿ ಅಷ್ಟೇ. ಮಾರ್ಚಿನಲ್ಲಂತೂ ನಾಗಸಂಪಿಗೆ ಕೆಂಪಗೆ ಚಿಗುರುತ್ತದೆ, ಮಾವು ತಾಮ್ರದ ಬಣ್ಣಕ್ಕೆ. ಆಗ ಒಮ್ಮೆ ಅಭ್ಯಾಸ ಮಾಡಿಕೊಂಡರೆ ಮರ ಅಂದರೆ ಹಸಿರು ಅನ್ನುವ ಹಠ ಬಿಡುತ್ತದೆ.

ತೆಂಗಿನ ತೋಟ ಅಂದರಲ್ಲ, ಎಲೆ ಎಣಿಸಿ. ತೆಂಗಿನ ತಲೆಯಲ್ಲಿ 30ಕ್ಕೂ ಜಾಸ್ತಿ ಗರಿ ಇರುತ್ತದೆ, ಅಡಿಕೆಯಲ್ಲಿ 7ರಿಂದ 12. ಎಲ್ಲರೂ ಅಡಿಕೆಗೆ ಗುಂಡು ತಲೆ ಬರೆಯುತ್ತಾರೆ. ಗರಿ ಕಡಿಮೆ ಮಾಡಿ, ನಡುವೆ ಆಕಾಶ ಕಾಣಲಿ, ಗರಿಯ ಕೆಳಗೆ ಆ ನುಣ್ಣನೆಯ ಹಸಿರು ಅಡಿಕೆ ಹಾಳೆಯ (ಗರಿಯ ಬುಡದ) ಕೊಳವೆ ಬರೆಯಿರಿ. ಅದು ತೆಂಗಿಗೆ ಇಲ್ಲ. ಕಾಂಡ ತೆಂಗಿಗಿಂತ ತೆಳ್ಳಗೆ, ಮೇಲಿನಿಂದ ಕೆಳಗಿನವರೆಗೂ ಹೆಚ್ಚು ಕಡಿಮೆ ಒಂದೇ ದಪ್ಪ.

ಕಾಂಡಗಳನ್ನು ಬರೆಯಲು ಹೋಗಬೇಡಿ, ಕಾಂಡಗಳ ನಡುವಿನ ಕತ್ತಲೆ ಬರೆಯಿರಿ. ಮೊದಲು ಇಡೀ ತೋಟಕ್ಕೆ ತೆಳು ಬೂದು ಹಸಿರು. ಒಣಗಿದ ಮೇಲೆ ಗಾಢ ಬಣ್ಣವನ್ನು ಸಂದಿಗಳಲ್ಲಿ ಇಳಿಸಿ. ಬಿಟ್ಟ ಜಾಗವೇ ಕಾಂಡ. ಅಲ್ಲಲ್ಲಿ ಬಿಳಿ ಕಲ್ಲುಹೂವಿನ ಮಚ್ಚೆ ಬೇಕಾದರೆ ಮೊದಲೇ ಮೇಣದ ಬತ್ತಿ ತಾಗಿಸಿ, ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಮೇಣ ಒಮ್ಮೆ ಹಚ್ಚಿದರೆ ಹಚ್ಚಿದ್ದೇ, ತೆಗೆಯಲು ಬರುವುದಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆದ ತೋಟವಾದರೆ ಗೊನೆ, ಗರಿ ಮೇಲೆ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ) ತಿಳಿ ನೀಲಿ ಕಲೆ ಇರುತ್ತದೆ. ಬಿಳಿ ಗೌಶ್‌ಗೆ ಸೆರೂಲಿಯನ್ ನೀಲಿಯ ಹನಿ ಬೆರೆಸಿ ಕೊನೆಗೆ ಇಟ್ಟು ನೋಡಿ. ಇದನ್ನು ಯಾರೂ ಬರೆಯುವುದಿಲ್ಲ ಯಾಕೋ. ನಮ್ಮ ತೋಟದ ಗುರುತೇ ಅದು.

ತುಂಗೆದಡ

ಅಕ್ಕಾ, ಸಂದಿ ಬರೆಯುವುದು ಸರಿಯಾಗಿ ಬಂತು! ಈಗ ಮನೆಯಲ್ಲಿ ಯಾರೂ ತೆಂಗು ಅನ್ನುತ್ತಿಲ್ಲ. ನಡುವಿನ ಹಾಳೆಯಲ್ಲಿ ಆಕಾಶ ಕಲೆ ಇಲ್ಲದೆ ಬಂದಿದೆ. ಆದರೆ "ಒಣಗಿದ ಮೇಲೆ" ಅಂತ ಬರೆದಿದ್ದೀರಲ್ಲ, ಅದು ಒಣಗುವುದೇ ಇಲ್ಲವಲ್ಲ! ಕರೆಂಟ್ ಇದ್ದಾಗ ಹೇರ್ ಡ್ರೈಯರ್ ಹಿಡಿದರೆ ಬಣ್ಣ ಓಡುತ್ತದೆ. ಪ್ಯಾನ್ ಬಣ್ಣಗಳ (ಡಬ್ಬಿಯಲ್ಲಿನ ಬಣ್ಣದ ಬಿಲ್ಲೆ) ಮೇಲೆ ಬಿಳಿ ಬೂಷ್ಟು ಬೇರೆ ಬಂದಿದೆ.

ಕುಂಚಪ್ರಿಯ_ಸಾಗರ

ಹೊಳಪು ಪೂರ್ತಿ ಹೋಗುವವರೆಗೆ ಡ್ರೈಯರ್ ಮುಟ್ಟಬೇಡಿ. ಆಮೇಲೆ ದೂರದಿಂದ, ಆಡಿಸುತ್ತಾ, ಹಿಂಬದಿಗೂ. ಕಣ್ಣಿಗೆ ಒಣಗಿದಂತೆ ಕಂಡರೂ ನಂಬಬೇಡಿ, ಅಂಗೈ ಹಿಂಭಾಗ ತಾಗಿಸಿ, ತಣ್ಣಗಿದ್ದರೆ ಒಳಗೆ ನೀರಿದೆ. ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಉಳಿಸಲು ಹಚ್ಚಿ ಆಮೇಲೆ ಕೀಳುವ ರಬ್ಬರ್ ದ್ರವ) ಹಾಕಿದ್ದರೆ ಡ್ರೈಯರ್ ಪೂರ್ತಿ ನಿಷೇಧ, ಬಿಸಿಗೆ ಅದು ಪೇಪರಿಗೇ ಅಂಟಿಕೊಳ್ಳುತ್ತದೆ. ಕರೆಂಟ್ ಇಲ್ಲದ ದಿನ ಎರಡು ಮೂರು ಚಿತ್ರ ಒಟ್ಟಿಗೆ ನಡೆಸಿ, ಒಂದು ಒಣಗುವಾಗ ಇನ್ನೊಂದು. ಮತ್ತೆ ಪದರ ಕಡಿಮೆ ಮಾಡಿ. ಮಳೆಗಾಲದಲ್ಲಿ ನಾನು ಎರಡಕ್ಕಿಂತ ಜಾಸ್ತಿ ವಾಶ್ ಹಾಕುವುದಿಲ್ಲ, ಉಳಿದದ್ದು ಬಣ್ಣದ ಪೆನ್ಸಿಲ್, ಪೇಸ್ಟಲ್. ಪೇಸ್ಟಲ್ ಮೇಲೆ ಫಿಕ್ಸೇಟಿವ್ ಸ್ಪ್ರೇ (ಪುಡಿ ಉದುರದಂತೆ ಹಿಡಿಯುವುದು) ಮಾತ್ರ ಜೋರು ಮಳೆಯ ದಿನ ಹೊಡೆಯಬೇಡಿ, ತೇವಕ್ಕೆ ಬಿಳಿ ಪೊರೆ ಕಟ್ಟಬಹುದು.

ಬೂಷ್ಟಿಗೆ: ಮೇಲಿನ ಪದರವನ್ನು ಒದ್ದೆ ಟಿಶ್ಯೂನಲ್ಲಿ ಒರೆಸಿ ತೆಗೆಯಿರಿ, ಡಬ್ಬಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಫ್ಯಾನ್ ಕೆಳಗೆ ತೆರೆದಿಡಿ. ಒದ್ದೆ ಇರುವಾಗ ಮುಚ್ಚಳ ಹಾಕಿದರೆ ಮತ್ತೆ ಬರುತ್ತದೆ. ಜೇನು, ಗ್ಲಿಸರಿನ್ ಜಾಸ್ತಿ ಇರುವ ಬಣ್ಣಗಳು ನಮ್ಮ ಹವೆಗೆ ಗಟ್ಟಿಯಾಗುವುದೇ ಇಲ್ಲ. ಅವನ್ನು ಟ್ಯೂಬಿನಿಂದ ಬೇಕಾದಷ್ಟೇ ಹಿಂಡಿಕೊಳ್ಳಿ.

ತುಂಗೆದಡ

ಸರಿ ಅಕ್ಕ, ತುಂಬ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ. ಇದನ್ನು ಫ್ರೇಮ್ ಹಾಕಿಸಬೇಕು ಅಂತಿದ್ದೇನೆ. ಗಾಜಿನ ಒಳಗೂ ಬೂಷ್ಟು ಬರುತ್ತದಾ?

ಜಂಬಿಟ್ಟಿಗೆ

ಗಾಜು ಚಿತ್ರಕ್ಕೆ ತಾಗಿದ್ದರೆ ಖಂಡಿತ ಬರುತ್ತದೆ. ಫ್ರೇಮ್ ಅಂಗಡಿಯವರಿಗೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಹಾಕಿ ನಡುವೆ ಜಾಗ ಬಿಡಿ ಅಂತ ಮೊದಲೇ ಹೇಳಿ. ಫ್ರೇಮಿನ ಹಿಂದಿನ ಕೆಳ ಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ. ಆ ಪಶ್ಚಿಮದ ಗೋಡೆಗೆ ನೇತುಹಾಕಬೇಡಿ. ಮಳೆ ಹೋಗಿ, ಚಿತ್ರ ಒಂದಷ್ಟು ದಿನ ಒಣ ಗಾಳಿಯಲ್ಲಿ ಇದ್ದ ಮೇಲೆ ನವೆಂಬರ್ ಹೊತ್ತಿಗೆ ಹಾಕಿಸಿ.