ಅಪ್‌ಡೇಟ್: ಅಲೆಕ್ಸಾಂಡ್ರಾ ರೋಡ್ ವಸತಿ ಸಮುಚ್ಚಯದ ಕಾಂಕ್ರೀಟ್‌ಗೆ ಬಣ್ಣ ಬಳಿಯಬಹುದೇ?

ಲಂಡನ್ನಿನ ಕ್ಯಾಮ್ಡೆನ್‌ನಲ್ಲಿರುವ ಈ ಸಮುಚ್ಚಯದ ಕಪ್ಪಾದ ಗೋಡೆಗಳಿಗೆ ಬಣ್ಣ ಹೊಡೆದರೆ ನಿರ್ವಹಣೆ ಸುಲಭವಾಗದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆಮೇಲೆ ಓದಿ ತಿಳಿದದ್ದು ಇಷ್ಟು.

ಬಣ್ಣ ಬೇಡ ಅನ್ನುವುದೇ ಈಗ ನನ್ನ ನಿಲುವು. ವಾಸ್ತುಶಿಲ್ಪಿ ನೀವ್ ಬ್ರೌನ್ (Neave Brown) ವಿನ್ಯಾಸದ ಈ 520 ಮನೆಗಳು 1978ರ ಹೊತ್ತಿಗೆ ಮುಗಿದವು. ಎರಕ ಹೊಯ್ದ ಹಲಗೆಗಳ ಅಚ್ಚು ಮೂಡಿದ ಆ ಬೋಳು ಕಾಂಕ್ರೀಟೇ ಅವುಗಳ ಚೆಲುವು. 1993ರಿಂದ ಗ್ರೇಡ್ 2 ಸ್ಟಾರ್ (ಮಹತ್ವದ ಕಟ್ಟಡಗಳಿಗೆ ಇಂಗ್ಲೆಂಡ್ ಕೊಡುವ ಕಾನೂನು ರಕ್ಷಣೆಯ ಒಂದು ದರ್ಜೆ) ಸಂರಕ್ಷಣೆಯೂ ಇದೆ, ಹಾಗಾಗಿ ಅನುಮತಿಯಿಲ್ಲದೆ ಅದರ ರೂಪ ಬದಲಿಸುವಂತಿಲ್ಲ. ಅಲ್ಲದೆ ಗೋಡೆಯ ಕಪ್ಪು ಕಲೆಗಳಿಗಿಂತ ದೊಡ್ಡ ಅಪಾಯ ಒಳಗಿನದು. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಒಳಗಿನ ಉಕ್ಕಿನ ಕಂಬಿಯನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರಗುಣವನ್ನು ಕುಂದಿಸುತ್ತದೆ. ಆಗ ತೇವ ತಗುಲಿದ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಪದರ ಸಿಡಿದು ಉದುರುತ್ತದೆ. ಇದನ್ನು ಸರಿಪಡಿಸಲು ಸಡಿಲ ಭಾಗ ಕೆತ್ತಿ, ಕಂಬಿ ಶುಚಿ ಮಾಡಿ, ಅದೇ ಬಣ್ಣ, ಅದೇ ಹಲಗೆಗೆರೆ ಬರುವಂತೆ ಗಾರೆ ತುಂಬಬೇಕು. ನುರಿತ ಕೈಗಳ ಕೆಲಸ, ದುಬಾರಿ ಕೂಡ.

ನನ್ನನ್ನು ಹೆಚ್ಚು ಕಾಡಿದ್ದು ಬಿಸಿ ವ್ಯವಸ್ಥೆ. ಬಿಸಿನೀರಿನ ಕೊಳವೆಗಳನ್ನು ಮನೆಗಳ ನಡುವಿನ ಗೋಡೆಯೊಳಗೇ ಹೂತಿದ್ದಾರೆ. ಗೋಡೆಯೇ ಮನೆಯನ್ನು ಬೆಚ್ಚಗಿಡುವ ಸೊಗಸಾದ ಕಲ್ಪನೆ ಅದು. ಆದರೆ ಕೊಳವೆ ಸೋರಿದರೆ ಗೋಡೆ ಒಡೆಯದೆ ಕೈಗೆಟುಕುವುದಿಲ್ಲ. ಬೇಕಾದಷ್ಟೇ ಬಿಸಿ ಇಟ್ಟುಕೊಳ್ಳುವುದೂ ನಿವಾಸಿಗಳಿಗೆ ಕಷ್ಟ. ಕಟ್ಟಡದ ರೂಪಕ್ಕೆ ಎಷ್ಟು ಕಾಳಜಿಯೋ ಅಲ್ಲಿ ಬಾಳುವವರ ಚಳಿಗೂ ಅಷ್ಟೇ ಇರಬೇಕು. ಇಂಥ ಹೂತಿಟ್ಟ ಕೊಳವೆಗಳನ್ನು ಬದಲಿಸಿದ ಅನುಭವ ಇರುವವರು ದಯವಿಟ್ಟು ಬರೆಯಿರಿ.