ಬ್ಯಾಟರಿ ಹೊಸತು, ಆದರೂ ಚಾರ್ಜ್ ಆಗುತ್ತಿಲ್ಲ: ಆಲ್ಟರ್ನೇಟರ್ ಬದಲಿಸಬೇಕಾ?

ಪ್ರಶ್ನೆ (ಮಲ್ಪೆಯಿಂದ):
ನಮ್ಮದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಮನೆ ಕಡಲ ಬದಿಯಲ್ಲೇ. ಬ್ಯಾಟರಿ ಹಾಕಿಸಿ ಎಂಟು ತಿಂಗಳಾಯಿತು ಅಷ್ಟೆ. ಮಳೆ ಶುರುವಾದ ಮೇಲೆ ಬೆಳಿಗ್ಗೆ ಎಂಜಿನ್ ತಿರುಗಲು ಒದ್ದಾಡುತ್ತದೆ. ಕೆಲವು ದಿನ ಬರೇ ಟಕ್ ಟಕ್ ಸದ್ದು. ಗಾಡಿ ನಿಂತಾಗ ಬ್ಯಾಟರಿ 12.2 ವೋಲ್ಟ್ ಇದೆ. ಎಂಜಿನ್ ಓಡುವಾಗ ಹೆಡ್‌ಲೈಟ್, ಬ್ಲೋವರ್ ಹಾಕಿದರೆ 12.7. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ ಎಂದರು ಗ್ಯಾರೇಜಿನವರು. ಹೊಸತು ಹಾಕಿಸಲಾ?

ಉತ್ತರ:
ಸ್ವಲ್ಪ ನಿಲ್ಲಿ ಮಾರಾಯ್ರೆ. 12.7 ಕಮ್ಮಿಯೇ ಹೌದು. ಇಂಥ ಗಾಡಿಯಲ್ಲಿ 13.8ರಿಂದ 14.5ರ ಒಳಗೆ ಬರಬೇಕು. ಆದರೆ ನೀವು ನೋಡಿದ್ದು ಬ್ಯಾಟರಿಗೆ ಬಂದು ಮುಟ್ಟಿದ್ದನ್ನು. ಆಲ್ಟರ್ನೇಟರ್ ಎಷ್ಟು ಕೊಡುತ್ತಿದೆ ಎಂದು ಇನ್ನೂ ನೋಡಿಲ್ಲ ಅಲ್ವಾ?

ಎಂಜಿನ್ ಆಫ್ ಇರುವಾಗ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸಡಿಲ ಉಂಟಾ ನೋಡಿ. ಸರಿ ಇದ್ದರೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಮೂರು ಕಡೆ ಅಳೆಯಿರಿ. ಆಲ್ಟರ್ನೇಟರ್ ಹಿಂದಿನ ದಪ್ಪ ವಯರಿನ ಬೋಲ್ಟಿಗೂ ಅದರದ್ದೇ ಬಾಡಿಗೂ ನಡುವೆ ಒಮ್ಮೆ. ಆ ಬೋಲ್ಟಿನಿಂದ ಬ್ಯಾಟರಿ ಪ್ಲಸ್‌ಗೆ ಒಮ್ಮೆ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಒಮ್ಮೆ. ಕೊನೆಯ ಎರಡೂ 0.2ರ ಆಸುಪಾಸಿನಲ್ಲೇ ಇರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ದಾರಿಯಲ್ಲೇ ವೋಲ್ಟ್ ಸೋರುತ್ತಿದೆ ಎಂದು ಲೆಕ್ಕ.

ಲುಂಗಿ, ಸಡಿಲ ತೋಳು, ಮೀಟರಿನ ವಯರ್ ಯಾವುದೂ ಬೆಲ್ಟ್, ಫ್ಯಾನ್ ಹತ್ತಿರ ಹೋಗಬಾರದು. ಇನ್ನೊಂದು ಮಾತು, ದಯವಿಟ್ಟು ಕೇಳಿ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ನೋಡುವ ಹಳೆಯ ಪರೀಕ್ಷೆ ಬೇಡವೇ ಬೇಡ. ವೋಲ್ಟ್ ಒಮ್ಮೆಲೇ ಏರಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟುಹೋಗಬಹುದು.

ಪ್ರಶ್ನೆ ಕೇಳಿದವರು:
ಅಳೆದೆ. ಆಲ್ಟರ್ನೇಟರಿನಲ್ಲಿ 14.2. ಪ್ಲಸ್ ಕಡೆ 0.1. ಮೈನಸ್ ಕಡೆ 1.4!

ಉತ್ತರ:
ಸಿಕ್ಕಿತು. ನಿಮ್ಮ ಆಲ್ಟರ್ನೇಟರ್ ಚೆನ್ನಾಗಿದೆ. ಎಂಜಿನ್ ಅಥವಾ ಗೇರ್‌ಬಾಕ್ಸಿನಿಂದ ಕಾರಿನ ಬಾಡಿಗೆ, ಬ್ಯಾಟರಿ ಮೈನಸ್‌ಗೆ ಹೋಗುವ ಅರ್ತಿಂಗ್ ವಯರ್ ನೋಡಿ. ಸ್ಟಾರ್ಟರಿನ ಕರೆಂಟೂ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಟಕ್ ಟಕ್ ಸದ್ದಿಗೂ ಅದೇ ಕಾರಣ ಇರಬೇಕು. ಕಡಲ ಉಪ್ಪುಗಾಳಿ ಇಂಥ ಜಾಯಿಂಟನ್ನೇ ಮೊದಲು ತಿನ್ನುವುದು. ಹೊರಗಿನಿಂದ ಚೆನ್ನಾಗಿ ಕಂಡರೂ ಬಿಚ್ಚಿಯೇ ನೋಡಿ.

ಎಂಜಿನ್ ಆಫ್ ಮಾಡಿ, ಮೊದಲು ಬ್ಯಾಟರಿ ಮೈನಸ್ ತೆಗೆಯಿರಿ. ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ಲಗ್ (ವಯರಿನ ತುದಿಯ ಲೋಹದ ಬಳೆ) ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಮರಳುಕಾಗದದಿಂದ ತಿಕ್ಕಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಪ್ರಶ್ನೆ ಕೇಳಿದವರು:
ಗೇರ್‌ಬಾಕ್ಸ್ ಹತ್ತಿರದ ವಯರ್ ಲಗ್ಗಿನೊಳಗೆ ಪೂರಾ ಹಸಿರಾಗಿತ್ತು. ಎಳೆದರೆ ಎಳೆಗಳು ಪುಡಿಯಾಗಿ ಬಂದವು. ಹೊಸ ವಯರ್ ಹಾಕಿದೆ. ಈಗ ಲೈಟ್ ಹಾಕಿದರೂ ಬ್ಯಾಟರಿಯಲ್ಲಿ 14.0. ತುಂಬಾ ಉಪಕಾರವಾಯಿತು.

ಉತ್ತರ:
ಕೇಳಿ ಖುಷಿಯಾಯಿತು. ಮಲ್ಪೆಯಿಂದ ಉಡುಪಿಗೆ ಹೋಗಿ ಬಂದಷ್ಟಕ್ಕೆ ಆ ಬ್ಯಾಟರಿ ತುಂಬುವುದಿಲ್ಲ. ಒಂದು ರಾತ್ರಿ ಚಾರ್ಜರಿಗೆ ಹಾಕಿ. ತೆಗೆದು ಕೆಲವು ಗಂಟೆ ಬಿಟ್ಟು ನೋಡಿದಾಗ 12.6ರ ಹತ್ತಿರ ನಿಂತರೆ ಬ್ಯಾಟರಿಯೂ ಉಳಿದ ಹಾಗೆ.