ಸಿಗರೇಟ್ ಕಂಪನಿಯ ಸಿಎಸ್‌ಆರ್ ಹಣ, ಶಾಲೆಯ ಗೋಡೆಗೆ ಫಲಕ: ಒಪ್ಪಬಹುದೇ?

ಹೊಗೆಸೊಪ್ಪಿನ_ಸೀಮೆ:
ಹುಣಸೂರು ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಯ ವಿಚಾರ. ಸಿಗರೇಟ್ ಕಂಪನಿಯೊಂದು ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ, ಶೌಚಾಲಯ ಕೊಡಲು ಮುಂದೆ ಬಂದಿದೆ. ಬದಲಿಗೆ ಗೋಡೆಗೆ ಫಲಕ, ಚೆಕ್ ಕೊಡುವಾಗಿನ ಫೋಟೊ, ‘ಮಹಿಳಾ ಸಬಲೀಕರಣ’ದ ಬ್ಯಾನರ್ ಬೇಕಂತೆ. ಕಾನೂನಿನ ತೊಡಕೇನಾದರೂ ಇದೆಯೇ?

ಕಲಂ_ಐದು:
ಹಣ ಕೊಡುವುದಕ್ಕೆ ಅಡ್ಡಿಯಿಲ್ಲ. ಕಂಪನಿ ಕಾಯ್ದೆ 2013ರ ಸೆಕ್ಷನ್ 135ರಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು; ಇದೇ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆ). ಫಲಕವಿಲ್ಲದಿದ್ದರೂ ಆ ಖರ್ಚು ಅವರ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ‘ಫಲಕ ಕಡ್ಡಾಯ’ ಎಂದರೆ ನಂಬಬೇಡಿ.

ತೊಡಕಿರುವುದೇ ಫಲಕದಲ್ಲಿ. ಪ್ರಾಯೋಜಕತ್ವ, ಉಡುಗೊರೆ, ಬಹುಮಾನ ಅಥವಾ ವಿದ್ಯಾರ್ಥಿವೇತನಕ್ಕೆ ಪ್ರತಿಯಾಗಿ ತಂಬಾಕು ಉತ್ಪನ್ನದ ಬ್ರ್ಯಾಂಡ್ ಹೆಸರು, ಟ್ರೇಡ್‌ಮಾರ್ಕ್‌ಗೆ ಪ್ರಚಾರ ಕೊಡಲು ಒಪ್ಪುವುದನ್ನೇ ತಂಬಾಕು ನಿಯಂತ್ರಣ ಕಾಯ್ದೆಯಾದ ಕೋಟ್ಪಾ 2003ರ ಸೆಕ್ಷನ್ 5(3) ನಿಷೇಧಿಸುತ್ತದೆ. ಕೊಡುವವರಷ್ಟೇ ಅಲ್ಲ, ಒಪ್ಪಿಕೊಂಡವರೂ ಸಿಕ್ಕಿಬೀಳುತ್ತಾರೆ. ಮೊದಲ ಬಾರಿಗೆ 2 ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿಎಸ್‌ಆರ್ ಮಾಡುವಾಗ ಕೋಟ್ಪಾ ಮೀರುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2016ರ ಮೇ ತಿಂಗಳಲ್ಲೇ ಸುತ್ತೋಲೆ ಹೊರಡಿಸಿದೆ. ಕಂಪನಿಯ ಲೋಗೊ ಸಿಗರೇಟ್ ಪ್ಯಾಕಿನ ಮೇಲೂ ಇದೆಯೇ, ಮೊದಲು ಅದನ್ನು ನೋಡಿ.

ಬ್ಯಾರನ್_ಲೆಕ್ಕ:
ಗಿಡ ನೆಡುವ ಯೋಜನೆಯನ್ನೂ ಜೊತೆಗೆ ಕೊಟ್ಟರೆ ಒಂದು ಮಾತು ಕೇಳಿ: ಆ ಮರಗಳು ಕೊನೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಸೌದೆಯಾಗುತ್ತವೆಯೇ? ಕಂಪನಿಯ ಮಾಮೂಲಿ ವ್ಯವಹಾರದ ಭಾಗವಾದ ಕೆಲಸವನ್ನು ಸಿಎಸ್‌ಆರ್ ನಿಯಮಗಳು ಸಿಎಸ್‌ಆರ್ ಎಂದು ಒಪ್ಪುವುದಿಲ್ಲ.

ತಮ್ಮಲ್ಲಿರುವ ಮಹಿಳೆಯರ ಶೇಕಡಾವಾರು ತೋರಿಸಿದರೆ, ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಕಂಪನಿ ಕೊಡುವ ಬಿಆರ್‌ಎಸ್‌ಆರ್ (ಸಾಮಾಜಿಕ, ಪರಿಸರ ಹೊಣೆಯ ವಾರ್ಷಿಕ ವರದಿ) ತೆರೆಯಿರಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಅದು 2022-23ರಿಂದ ಕಡ್ಡಾಯ. ನಿರ್ದೇಶಕ ಮಂಡಳಿ, ನೌಕರರು, ಕಾರ್ಮಿಕರು ಎಂದು ಬೇರೆ ಬೇರೆ ಅಂಕಿ ಇರುತ್ತದೆ. ಬ್ಯಾನರ್‌ಗೆ ಯಾವುದನ್ನು ಆರಿಸಿದ್ದಾರೆ ನೋಡಿ. ಹಸಿ ಎಲೆ ಮುರಿಯುವಾಗ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರಿಸಿಕೊಳ್ಳುವ ಕೂಲಿ ಹೆಂಗಸರು ರೈತರ ಹೊಲದಲ್ಲಿ ದುಡಿಯುವವರು. ಕಂಪನಿಯ ಸಂಬಳ ಪಟ್ಟಿಯಲ್ಲಿ ಅವರಿಲ್ಲ. ಸಬಲೀಕರಣದ ಮಾತು ಅವರಿಂದ ಶುರುವಾಗಬೇಕಿತ್ತು.

ಹಳೇ_ಜಾಹೀರಾತು:
ಈ ತಂತ್ರ ಹಳೆಯದು. ಅಮೆರಿಕದ ಸಿಗರೇಟ್ ಕಂಪನಿ ಫಿಲಿಪ್ ಮಾರಿಸ್ 1968ರಲ್ಲಿ ಹೆಂಗಸರಿಗೆಂದೇ ವರ್ಜೀನಿಯಾ ಸ್ಲಿಮ್ಸ್ ಎಂಬ ಸಿಗರೇಟ್ ತಂದು, ಸ್ತ್ರೀ ವಿಮೋಚನೆಯ ಭಾಷೆಯಲ್ಲೇ ಅದನ್ನು ಮಾರಿತು. 1970ರಿಂದ ಅದೇ ಹೆಸರಲ್ಲಿ ಮಹಿಳಾ ಟೆನಿಸ್‌ಗೂ ಹಣ ಕೊಟ್ಟಿತು. ಅದೇ ಕಂಪನಿ 1999ರಲ್ಲಿ ದಾನಕ್ಕೆ 7.5 ಕೋಟಿ ಡಾಲರ್ ಕೊಟ್ಟು, ಅದನ್ನು ಹೇಳಿಕೊಳ್ಳುವ ಜಾಹೀರಾತಿಗೆ 10 ಕೋಟಿ ಸುರಿಯಿತು.

ಕಲಂ_ಐದು:
ಶಾಲೆಯ ಆಡಳಿತ ಮಂಡಳಿಯ ಠರಾವಿನಲ್ಲಿ ಹೀಗೆ ಬರೆಸಿ: ‘ದಾನಿಯ ಹೆಸರು, ಲೋಗೊ, ಬಣ್ಣ ಶಾಲೆಯ ಆವರಣ, ಪುಸ್ತಕ, ಸಮವಸ್ತ್ರ, ಆಹ್ವಾನಪತ್ರಿಕೆಯಲ್ಲಿ ಇರತಕ್ಕದ್ದಲ್ಲ, ಮಕ್ಕಳ ಫೋಟೊ ಕೊಡಲಾಗುವುದಿಲ್ಲ.’ ಬಣ್ಣ ಎಂಬ ಪದ ಬಿಡಬೇಡಿ, ಲೋಗೊ ತೆಗೆಸಿದರೆ ಗೋಡೆಗೆ ಪ್ಯಾಕಿನ ಬಣ್ಣ ಬಳಿಸಿಬಿಡಬಹುದು. ಕಂಪನಿಯ ಲಿಖಿತ ಒಪ್ಪಿಗೆ ಕೈಸೇರಿದ ಮೇಲೆಯೇ ಚೆಕ್ ಪಡೆಯಿರಿ.